ಎರೆಮಣ್ಣಿನ ಕೆಳಗಿನ ಇತಿಹಾಸ: ಜ್ವಾಲಾಮುಖಿಗಳೂ ಜೀವಿಗಳ ಮಹಾ ಅಳಿವೂ

ನನ್ನ ತರಗತಿಯಲ್ಲಿ ಇತಿಹಾಸ ಓದಿದವರಿಗೆ ‘ಕಾರಣಗಳು ಮತ್ತು ಪರಿಣಾಮಗಳು’ ಎಂಬ ಪ್ರಶ್ನೆ ನೆನಪಿರಲೇಬೇಕು. ಯುದ್ಧವಿರಲಿ, ಕ್ರಾಂತಿಯಿರಲಿ, ಸಾಮ್ರಾಜ್ಯದ ಪತನವಿರಲಿ, ಐದು ಕಾರಣ, ಐದು ಪರಿಣಾಮ ಬರೆದರೆ ಅಂಕ ಖಚಿತ. ಆದರೆ ಕಾರಣವನ್ನು ಬರೆಯುವುದು ಎಷ್ಟು ಸುಲಭವೋ, ಅದೇ ಕಾರಣವೆಂದು ಸಾಧಿಸಿ ತೋರಿಸುವುದು ಅಷ್ಟೇ ಕಷ್ಟ. ಕಾಗೆ ಕೂತಿತು, ಕೊಂಬೆ ಮುರಿಯಿತು. ಕಾಗೆಯ ಭಾರಕ್ಕೇ ಮುರಿಯಿತೆಂದು ಹೇಳುವ ಮೊದಲು ಎಷ್ಟೊಂದು ವಿಚಾರಿಸಬೇಕು! ನಮ್ಮ ಹಿರಿಯರು ಇದನ್ನೇ ಕಾಕತಾಳೀಯವೆಂದರು.

ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಪತ್ರ ಬರೆದು, “ಡೈನೋಸಾರ್‌ಗಳನ್ನು ಕೊಂದದ್ದು ಆಕಾಶದಿಂದ ಬಿದ್ದ ಬಂಡೆಯೋ, ನಮ್ಮ ದಖ್ಖನಿನ ಜ್ವಾಲಾಮುಖಿಯೋ, ತಿಳಿಸಿ ಸಾರ್” ಎಂದು ಕೇಳಿದ್ದಾರೆ. ಪ್ರಶ್ನೆ ಭೂಗರ್ಭಶಾಸ್ತ್ರದ್ದಾದರೂ ಅದರ ತಿರುಳು ಇತಿಹಾಸದ್ದೇ. ಇಲ್ಲಿ ತಾಮ್ರಪಟವಿಲ್ಲ, ಬಖೈರುಗಳಿಲ್ಲ, ಶಿಲೆಯೇ ಶಾಸನ. ಆ ಶಾಸನವನ್ನು ವಿದ್ವಾಂಸರು ಹೇಗೆ ಓದಿದರೆಂಬುದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ನಿರೂಪಿಸುತ್ತೇನೆ.

ಮೊದಲು ನಮ್ಮ ನೆಲದಿಂದಲೇ ಆರಂಭಿಸೋಣ. ವಿಜಯಪುರದ ಗೋಲಗುಮ್ಮಟವನ್ನು ನೀವೆಲ್ಲ ನೋಡಿದ್ದೀರಿ. 1656ರಲ್ಲಿ ಪೂರ್ಣಗೊಂಡ ಆ ಕಟ್ಟಡದ ಕಪ್ಪುಬೂದು ಬಣ್ಣದ ಕಲ್ಲು ಬಸಾಲ್ಟ್. ಅಂದರೆ ಹೆಪ್ಪುಗಟ್ಟಿದ ಲಾವಾ. ಬೀದರಿನ ಕೋಟೆಯ ಕೆಂಪು ಜಂಬಿಟ್ಟಿಗೆಯೂ ಅದೇ ಲಾವಾ ಬಿಸಿಲುಮಳೆಗೆ ಲಕ್ಷಾಂತರ ವರ್ಷ ಶಿಥಿಲವಾಗಿ ಆದದ್ದು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಗಳ ಈ ಕಲ್ಲು ಉತ್ತರಕ್ಕೆ ಮಹಾರಾಷ್ಟ್ರದ ಬಹುಭಾಗವನ್ನು ಆವರಿಸಿ ಗುಜರಾತು, ಮಧ್ಯಪ್ರದೇಶಗಳವರೆಗೆ ಹಬ್ಬಿದೆ. ಇಂದು ಉಳಿದಿರುವ ಭಾಗವೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಮಹಾಬಳೇಶ್ವರದ ಕಡೆಯ ಘಟ್ಟಗಳನ್ನು ದೂರದಿಂದ ನೋಡಿದರೆ ಪದರದ ಮೇಲೆ ಪದರ, ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಒಂದೊಂದು ಮೆಟ್ಟಿಲೂ ಒಂದೊಂದು ಕಾಲದ ಲಾವಾ ಪ್ರವಾಹ. ಸ್ವೀಡಿಷ್ ಭಾಷೆಯಲ್ಲಿ ಮೆಟ್ಟಿಲಿಗೆ ‘ಟ್ರಾಪ’ ಎನ್ನುತ್ತಾರಾದ್ದರಿಂದ ಇದಕ್ಕೆ ‘ದಖ್ಖನ್ ಟ್ರ್ಯಾಪ್’ ಎಂದು ಹೆಸರಾಯಿತು.

ಜ್ವಾಲಾಮುಖಿ ಎಂದೊಡನೆ ನಮ್ಮ ಕಣ್ಣಮುಂದೆ ಶಂಕುವಿನಾಕಾರದ ಬೆಟ್ಟ, ತುದಿಯಲ್ಲಿ ಬೆಂಕಿ, ಇದೇ ಚಿತ್ರ. ದಖ್ಖನಿನಲ್ಲಿ ನಡೆದದ್ದು ಹಾಗಲ್ಲ. ನೆಲ ಮೈಲುಗಟ್ಟಲೆ ಉದ್ದಕ್ಕೆ ಬಿರಿದು, ಆ ಬಿರುಕುಗಳಿಂದ ಶಿಲಾರಸ ಉಕ್ಕಿ ಹರಿದು ಬಯಲನ್ನು ತುಂಬಿತು. ಒಂದು ಪ್ರವಾಹವಂತೂ ಪೂರ್ವದ ರಾಜಮಹೇಂದ್ರಿಯವರೆಗೂ ಹರಿದಿತ್ತು. ನಿಂತು, ಮತ್ತೆ ಉಕ್ಕಿ, ಮತ್ತೆ ನಿಂತು, ಹೀಗೆ 10 ಲಕ್ಷ ವರ್ಷಗಳಿಗಿಂತ ಕಡಿಮೆ ಅವಧಿಯಲ್ಲಿ ಅದರ ಮುಖ್ಯಭಾಗವೆಲ್ಲ ಹೊರಬಂದಿತು. ಕಾಲ, ಇಂದಿಗೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಡೈನೋಸಾರ್‌ಗಳು ಅಳಿದದ್ದೂ ಅದೇ 6.6 ಕೋಟಿ ವರ್ಷಗಳ ಹಿಂದೆ. ಕಾಗೆಯೂ ಕೊಂಬೆಯೂ ಇಲ್ಲಿ ಮುಖಾಮುಖಿಯಾಗಿವೆ.

ಜೀವಿಗಳು ಸಂಪೂರ್ಣವಾಗಿ ಅಳಿದುಹೋಗಬಲ್ಲವು ಎಂಬ ವಿಚಾರವೇ ಬಹಳ ಹಳೆಯದಲ್ಲ. 1796ರಲ್ಲಿ ಪ್ಯಾರಿಸಿನಲ್ಲಿ ಜಾರ್ಜ್ ಕ್ಯೂವಿಯೇ ಆನೆ ಮತ್ತು ಮ್ಯಾಮತ್‌ಗಳ ಮೂಳೆಗಳನ್ನು ಹೋಲಿಸಿ, ಮ್ಯಾಮತ್ ಎಂಬುದು ಬೇರೆಯೇ ಪ್ರಾಣಿ, ಅದು ಈಗ ಭೂಮಿಯ ಮೇಲೆಲ್ಲಿಯೂ ಇಲ್ಲ ಎಂದು ಸಾರಿದ. 1828ರಲ್ಲಿ ನಮ್ಮ ಜಬ್ಬಲ್ಪುರದಲ್ಲಿ ದೈತ್ಯ ಮೂಳೆಗಳನ್ನು ಆಯ್ದುಕೊಂಡ ವಿಲಿಯಂ ಸ್ಲೀಮನ್‌ನ ಹೆಸರು ನಿಮಗೆ ಬೇರೊಂದು ಪಾಠದಿಂದ ಪರಿಚಿತ. ಥಗ್ಗರನ್ನು ಅಡಗಿಸಿದ ಅಧಿಕಾರಿ ಆತನೇ! ‘ಡೈನೋಸಾರ್’ ಎಂಬ ಪದವೇ ಹುಟ್ಟಿರದ ಕಾಲದಲ್ಲಿ ಆತ ಕಂಡದ್ದು ಡೈನೋಸಾರಿನ ಮೂಳೆಗಳನ್ನು. ಬಹುಕಾಲದ ನಂತರ, 1982ರಲ್ಲಿ, ಡೇವಿಡ್ ರೌಪ್ ಮತ್ತು ಜಾಕ್ ಸೆಪ್‌ಕೋಸ್ಕಿ ಎಂಬ ಅಮೆರಿಕದ ವಿದ್ವಾಂಸರು ಸಮುದ್ರಜೀವಿಗಳ ಪಳೆಯುಳಿಕೆಗಳನ್ನು ಲೆಕ್ಕಕ್ಕಿಳಿಸಿ, ಕಳೆದ ಐವತ್ತು ಕೋಟಿ ವರ್ಷಗಳಲ್ಲಿ ಐದು ಬಾರಿ ಜೀವಕುಲಕ್ಕೆ ಮಹಾ ಅಳಿವು ಒದಗಿತೆಂದು ತೋರಿಸಿದರು. ಅವುಗಳಲ್ಲಿ ಡೈನೋಸಾರ್‌ಗಳದು ಕೊನೆಯದು. ಅತಿ ಘೋರವಾದದ್ದು ಅದಲ್ಲ.

ಈಗ ಸಹಜವಾಗಿ ಏಳುವ ಸಂದೇಹ: ದಖ್ಖನಿನಲ್ಲಿ ಲಾವಾ ಹರಿದರೆ ಅಮೆರಿಕದ ಪ್ರಾಣಿ ಸಾಯುವುದೇಕೆ? ಅದಕ್ಕೆ ಉತ್ತರವಾಗಿ ಮನುಷ್ಯರೇ ಕಣ್ಣಾರೆ ಕಂಡ ಒಂದು ಘಟನೆಯಿದೆ. ಹೈದರಾಲಿ ತೀರಿಕೊಂಡ ಮರುವರ್ಷ, 1783ರ ಜೂನ್ 8ರಂದು, ಐಸ್‌ಲ್ಯಾಂಡಿನ ಲಾಕಿ ಎಂಬಲ್ಲಿ ನೆಲ ಸುಮಾರು 27 ಕಿಲೋಮೀಟರ್ ಉದ್ದಕ್ಕೆ ಬಿರಿಯಿತು. ಎಂಟು ತಿಂಗಳಲ್ಲಿ ಅಂದಾಜು 15 ಘನ ಕಿಲೋಮೀಟರ್ ಲಾವಾ ಹರಿಯಿತು. ಊರಿನ ಪಾದ್ರಿ ಯೋನ್ ಸ್ಟೈನ್‌ಗ್ರಿಮ್ಸನ್ ಎಂಬವರು ಲಾವಾ ಊರ ಬಾಗಿಲಿಗೆ ಬಂದ ದಿನವೂ ಜನರನ್ನು ಸೇರಿಸಿ ಪ್ರಾರ್ಥನೆ ನಡೆಸಿದರು, ಕಂಡದ್ದನ್ನೆಲ್ಲ ಬರೆದಿಟ್ಟರು. ಆದರೆ ಜನರನ್ನು ಕೊಂದದ್ದು ಲಾವಾ ಅಲ್ಲ, ಅದರೊಡನೆ ಬಂದ ಅನಿಲ. ಸುಮಾರು 12 ಕೋಟಿ ಟನ್ ಗಂಧಕದ ಡೈಆಕ್ಸೈಡ್ ಗಾಳಿಗೆ ಸೇರಿತು. ಫ್ಲೋರಿನ್ ಹುಲ್ಲಿನ ಮೇಲೆ ಇಳಿಯಿತು. ಅದನ್ನು ಮೇಯ್ದ ಕುರಿಗಳ ಹಲ್ಲು, ಮೂಳೆಗಳು ಕೆಟ್ಟವು. ಪಾವಗಡ, ಕೋಲಾರದ ಕಡೆ ಫ್ಲೋರೋಸಿಸ್ ರೋಗಿಗಳನ್ನು ಕಂಡವರಿಗೆ ಇದು ಚೆನ್ನಾಗಿ ಅರ್ಥವಾದೀತು. ಕುರಿಗಳಲ್ಲಿ ಬಹುಪಾಲು, ದನ ಮತ್ತು ಕುದುರೆಗಳಲ್ಲಿ ಸುಮಾರು ಅರ್ಧ ಸತ್ತವು. ಬಳಿಕ ಬಂದ ಬರಗಾಲದಲ್ಲಿ ದ್ವೀಪದ ಜನಸಂಖ್ಯೆಯ ಐದನೆಯ ಒಂದು ಭಾಗಕ್ಕೂ ಹೆಚ್ಚು ಮಂದಿ ಮಡಿದರು. ಆ ಮಬ್ಬು ಯೂರೋಪನ್ನೆಲ್ಲ ಕವಿಯಿತು. ಆಗ ಪ್ಯಾರಿಸಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್, ಆ ವಿಚಿತ್ರ ಮಂಜಿಗೂ ಅನಂತರದ ಕಡುಚಳಿಗೂ ಐಸ್‌ಲ್ಯಾಂಡಿನ ಜ್ವಾಲಾಮುಖಿ ಕಾರಣವಿರಬಹುದೆಂದು 1784ರಲ್ಲೇ ಊಹಿಸಿದ್ದ.

ಲಾಕಿಯ ಲಾವಾ 15 ಘನ ಕಿಲೋಮೀಟರ್. ದಖ್ಖನಿನದು ಒಟ್ಟು ಹತ್ತು ಲಕ್ಷದ ಆಸುಪಾಸು ಎಂಬ ಅಂದಾಜಿದೆ. ಆದರೂ ‘ಹೆಚ್ಚು ಲಾವಾ, ಹೆಚ್ಚು ಸಾವು’ ಎಂದು ತ್ರೈರಾಶಿಕ ಲೆಕ್ಕ ಹಾಕುವಂತಿಲ್ಲ. ಏಕೆಂಬುದನ್ನು ತಿಳಿಯಲು ಸೈಬೀರಿಯಕ್ಕೆ ಹೋಗಬೇಕು.

ಸುಮಾರು 25.2 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಯುಗದ ಕೊನೆಯಲ್ಲಿ, ಸೈಬೀರಿಯದಲ್ಲಿ ದಖ್ಖನಿಗಿಂತಲೂ ದೊಡ್ಡ ಲಾವಾಪ್ರವಾಹ ನಡೆಯಿತು. ಐದು ಅಳಿವುಗಳಲ್ಲಿ ಅತಿ ಘೋರವಾದದ್ದೂ ಆಗಲೇ. ಸಮುದ್ರದ ಜೀವಪ್ರಭೇದಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಇಲ್ಲವಾದವು. ಇಪ್ಪತ್ತೈದು ಕೋಟಿ ವರ್ಷಕ್ಕೂ ಮೇಲ್ಪಟ್ಟು ಕಡಲಲ್ಲಿ ಬಾಳಿದ್ದ ಟ್ರೈಲೊಬೈಟ್‌ಗಳ ವಂಶ ಅಲ್ಲಿಗೆ ಮುಗಿಯಿತು. ಇವೆರಡೂ ನಿಜಕ್ಕೂ ಏಕಕಾಲದವೇ? ಇದನ್ನು ತೀರ್ಮಾನಿಸಿದ್ದು ಜಿರ್ಕಾನ್ ಎಂಬ ಪುಟ್ಟ ಹರಳು. ಈ ಹರಳು ಬೆಳೆಯುವಾಗ ಯುರೇನಿಯಮ್ಮನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೊರಗಿಡುತ್ತದೆ. ಯುರೇನಿಯಂ ಗೊತ್ತಾದ ವೇಗದಲ್ಲಿ ಸೀಸವಾಗಿ ಮಾರ್ಪಡುವುದರಿಂದ, ಹರಳಿನೊಳಗೆ ಈಗಿರುವ ಸೀಸವೆಲ್ಲ ಅಲ್ಲೇ ಹುಟ್ಟಿದ್ದು. ಅದನ್ನು ಅಳೆದರೆ ಹರಳಿನ ವಯಸ್ಸು ಸಿಕ್ಕಿತು. ಚೀನಾದ ಮೈಶಾನ್ ಎಂಬಲ್ಲಿ, ಅಳಿವಿನ ಕುರುಹಿರುವ ಪದರದ ಕೆಳಗೂ ಮೇಲೂ ಇರುವ ಜ್ವಾಲಾಮುಖಿ ಬೂದಿಯಲ್ಲಿ ಇಂಥ ಹರಳುಗಳಿವೆ. ಅಮೆರಿಕದ ಸೆತ್ ಬರ್ಜೆಸ್, ಸ್ಯಾಮ್ಯುಯೆಲ್ ಬೌರಿಂಗ್ ಮತ್ತು ಅವರ ಸಹೋದ್ಯೋಗಿಗಳು 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಆ ಮಹಾ ಅಳಿವು ಸುಮಾರು 60 ಸಾವಿರ ವರ್ಷಗಳಲ್ಲಿ ಮುಗಿದಿತ್ತು. ಭೂಮಿಯ ಪಂಚಾಂಗದಲ್ಲಿ ಇದು ಒಂದು ಗಳಿಗೆ.

ಮುಂದಿನ ಸಂಗತಿ ನನಗೆ ಬಹಳ ಸೋಜಿಗವೆನಿಸಿತು. ಅವರು ಸೈಬೀರಿಯದ ಶಿಲೆಗಳ ವಯಸ್ಸನ್ನೂ ಅಳೆದಾಗ, ಲಾವಾ ಹರಿಯಲು ತೊಡಗಿದ್ದು ಅಳಿವಿಗಿಂತ ಸುಮಾರು 3 ಲಕ್ಷ ವರ್ಷ ಮೊದಲೇ ಎಂದು ತಿಳಿಯಿತು. ಅಷ್ಟು ದೀರ್ಘಕಾಲ ನೆಲದ ಮೇಲೆ ಲಾವಾ ಹರಿದರೂ ಮಹಾ ಅಳಿವು ಆಗಲಿಲ್ಲ! ಹಾಗಾದರೆ ಬದಲಾದದ್ದೇನು? ಬರ್ಜೆಸ್ ಮತ್ತು ಸಂಗಡಿಗರು 2017ರಲ್ಲಿ ಮುಂದಿಟ್ಟ ವಿವರಣೆ ಹೀಗಿದೆ: ಮೇಲೆ ಹರಿದ ಲಾವಾ ದಪ್ಪನೆಯ ಮುಚ್ಚಳದಂತೆ ಹೆಪ್ಪುಗಟ್ಟಿತು. ಬಳಿಕ ಬಂದ ಶಿಲಾರಸಕ್ಕೆ ಮೇಲೇಳಲು ದಾರಿ ಸಿಗದೆ, ಅದು ನೆಲದಡಿಯಲ್ಲೇ ಅಡ್ಡಡ್ಡಲಾಗಿ ಹಾಳೆಗಳಂತೆ ಹರಡತೊಡಗಿತು. ಅಳಿವು ಆರಂಭವಾದದ್ದು ಆಗ.

ಆ ನೆಲದಡಿಯಲ್ಲಿ ಇದ್ದದ್ದೇನು? ಕಲ್ಲಿದ್ದಲು, ಸುಣ್ಣಕಲ್ಲು, ಉಪ್ಪಿನ ಪದರಗಳು. ಹಿಂದೆ ನಮ್ಮ ಹಳ್ಳಿಗಳಲ್ಲಿ ಸುಣ್ಣದ ಭಟ್ಟಿಗಳಿದ್ದವು. ಸುಣ್ಣಕಲ್ಲನ್ನೂ ಇದ್ದಿಲನ್ನೂ ಒಟ್ಟಿ ಬೆಂಕಿಯಿಟ್ಟರೆ ಕಲ್ಲು ಬೆಂದು ಸುಣ್ಣವಾಗುತ್ತದೆ. ಇದ್ದಿಲಿನಿಂದಲೂ ಕಲ್ಲಿನಿಂದಲೂ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಸೈಬೀರಿಯದಡಿಯಲ್ಲಿ ಶಿಲಾರಸ ಹೊತ್ತಿಸಿದ್ದು ಒಂದು ದೇಶದಷ್ಟು ವಿಶಾಲವಾದ ಸುಣ್ಣದ ಭಟ್ಟಿಯನ್ನು. ಅನಿಲ ನೆಲವನ್ನು ಸಿಡಿಸಿ ಹೊರನುಗ್ಗಿದ ಕೊಳವೆಯಾಕಾರದ ಗಾಯಗಳು ಅಲ್ಲಿ ಇಂದಿಗೂ ಇವೆ. ಕಡಲು ಕಾದಿತು, ಸಮಭಾಜಕದ ಬಳಿ ಮೇಲ್ನೀರಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಮೀರಿತೆಂದು ಪಳೆಯುಳಿಕೆಗಳ ರಾಸಾಯನಿಕ ಪರೀಕ್ಷೆ ಹೇಳುತ್ತದೆ. ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಯಿತು. ಇಂಗಾಲದ ಡೈಆಕ್ಸೈಡ್ ಬೆರೆತು ನೀರು ಆಮ್ಲೀಯವಾಯಿತು. ಸುಣ್ಣದ ಚಿಪ್ಪು ಕಟ್ಟುವ ಜೀವಿಗಳಿಗೆ ಚಿಪ್ಪು ಕಟ್ಟುವುದೇ ದುಸ್ತರವಾಯಿತು. ಕಾದ ಉಪ್ಪಿನಿಂದ ಎದ್ದ ಅನಿಲಗಳು ಓಜೋನ್ ಪದರವನ್ನು ಕೆಡಿಸಿದವೆಂದೂ ಹೇಳುತ್ತಾರೆ; ಆ ಕಾಲದ ಶಿಲೆಗಳಲ್ಲಿ ವಿಕಾರಗೊಂಡ ಸಸ್ಯಬೀಜಕಣಗಳು ಸಿಕ್ಕಿರುವುದು ಅದಕ್ಕೆ ಪುಷ್ಟಿ ಕೊಡುತ್ತದೆ.

ಅಳಿವಿನ ನಂತರದ ಜಗತ್ತು ಹೇಗಿತ್ತು? ಹಂದಿಯ ಗಾತ್ರದ ಲಿಸ್ಟ್ರೋಸಾರಸ್ ಎಂಬ ಸಸ್ಯಾಹಾರಿ ಪ್ರಾಣಿ ಬದುಕಿ ಉಳಿದು ಎಲ್ಲೆಡೆ ಹಬ್ಬಿತು. ಅದರ ಮೂಳೆಗಳು ದಕ್ಷಿಣ ಆಫ್ರಿಕದಲ್ಲಿಯೂ ಅಂಟಾರ್ಕ್ಟಿಕದಲ್ಲಿಯೂ ನಮ್ಮ ದಾಮೋದರ ಕಣಿವೆಯಲ್ಲಿಯೂ ದೊರೆತಿವೆ. ಕಾಡುಗಳು ಎಷ್ಟು ಹಾಳಾದವೆಂದರೆ, ಮುಂದಿನ ಸುಮಾರು ಒಂದು ಕೋಟಿ ವರ್ಷಗಳ ಶಿಲೆಗಳಲ್ಲಿ ಜಗತ್ತಿನ ಯಾವ ಭಾಗದಲ್ಲಿಯೂ ಕಲ್ಲಿದ್ದಲು ಸಿಗುವುದಿಲ್ಲ.

ಇಂತಹುದೇ ಇನ್ನೊಂದು ನಿದರ್ಶನ 20.1 ಕೋಟಿ ವರ್ಷಗಳ ಹಿಂದಿನದು. ಅಟ್ಲಾಂಟಿಕ್ ಸಾಗರ ಬಿರಿಯತೊಡಗಿದಾಗ ಎರಡು ಅಮೆರಿಕಗಳು, ಆಫ್ರಿಕ, ಯೂರೋಪುಗಳ ಅಂಚಿನಲ್ಲಿ ಲಾವಾ ಉಕ್ಕಿತು; ಟ್ರಯಾಸಿಕ್ ಯುಗ ಮಹಾ ಅಳಿವಿನೊಂದಿಗೆ ಮುಗಿಯಿತು. ಡೈನೋಸಾರ್‌ಗಳ ವೈಭವಕ್ಕೆ ದಾರಿ ತೆರವಾದದ್ದು ಅಲ್ಲಿಂದಲೇ.

ಎರಡು ಸಾಕ್ಷಿ ಸಿಕ್ಕಿತೆಂದು ತೀರ್ಪು ಕೊಟ್ಟುಬಿಡಬಾರದು, ಎದುರುಸಾಕ್ಷಿಯನ್ನೂ ಕೇಳಬೇಕು. ಬ್ರೆಜಿಲಿನ ಪರಾನಾ ಪ್ರದೇಶದಲ್ಲಿ ಸುಮಾರು 13.4 ಕೋಟಿ ವರ್ಷಗಳ ಹಿಂದೆ ದಖ್ಖನಿಗೆ ಸರಿಗಟ್ಟುವಂಥ ಲಾವಾಪ್ರವಾಹ ನಡೆಯಿತು. ಮಹಾ ಅಳಿವೇನೂ ಆಗಲಿಲ್ಲ. ಅಮೆರಿಕದ ಕೊಲಂಬಿಯಾ ನದಿಯ ಪ್ರದೇಶದಲ್ಲಿ, ಅದಕ್ಕಿಂತ ಸಣ್ಣ ಪ್ರಮಾಣದಲ್ಲಿ, ಸುಮಾರು 1.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿಯಿತು, ಆಗಲೂ ಇಲ್ಲ. ಆದ್ದರಿಂದ ಲಾವಾದ ಗಾತ್ರವೊಂದೇ ಕಾರಣವಲ್ಲ. ನೆಲದಡಿಯಲ್ಲಿ ಬೇಯುವಂಥದ್ದು ಏನಿತ್ತು, ಅನಿಲ ಎಷ್ಟು ಬೇಗ ಹೊರಬಂದಿತು, ಈ ಎರಡನ್ನು ನೋಡಬೇಕು.

ಬೇಗ ಎಂಬ ಮಾತನ್ನು ನಮ್ಮ ಕೆರೆಯ ಉದಾಹರಣೆಯಿಂದ ತಿಳಿಯಬಹುದು. ಕೆರೆಗೆ ಕೋಡಿಯಿದೆ. ವರ್ಷವೆಲ್ಲ ಸೇರಿ ಎಷ್ಟೇ ನೀರು ಬರಲಿ, ನಿಧಾನವಾಗಿ ಬಂದರೆ ಕೋಡಿಯಲ್ಲಿ ಹರಿದುಹೋಗುತ್ತದೆ, ಏರಿಗೆ ಅಪಾಯವಿಲ್ಲ. ಅದೇ ನೀರು ಒಂದೇ ರಾತ್ರಿ ನುಗ್ಗಿದರೆ ಏರಿ ಒಡೆದು ಕೆಳಗಿನ ಊರು ಕೊಚ್ಚಿಹೋಗುತ್ತದೆ. ಭೂಮಿಗೂ ಇಂಗಾಲದ ಕೋಡಿಯಿದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಮಳೆನೀರಿನಲ್ಲಿ ಕರಗಿ, ಬಂಡೆಯನ್ನು ಸವೆಸಿ, ನದಿಗಳ ಮೂಲಕ ಕಡಲು ಸೇರಿ, ಕೊನೆಗೆ ಸುಣ್ಣಕಲ್ಲಾಗಿ ತಳಕ್ಕಿಳಿಯುತ್ತದೆ. ಆದರೆ ಈ ಕೋಡಿ ಬಹಳ ಕಿರಿದು. ಅದು ಕೆಲಸ ಮುಗಿಸಲು ಲಕ್ಷಾಂತರ ವರ್ಷ ಬೇಕು.

ಈಗ ದಖ್ಖನಿನ ಮೊಕದ್ದಮೆಗೆ ಮರಳೋಣ. 1980ರಲ್ಲಿ ಭೌತವಿಜ್ಞಾನಿ ಲೂಯಿಸ್ ಆಲ್ವರೆಜ್, ಅವರ ಮಗ ವಾಲ್ಟರ್ ಆಲ್ವರೆಜ್ ಮತ್ತು ಇಬ್ಬರು ಸಹೋದ್ಯೋಗಿಗಳು ಇಟಲಿಯ ಗುಬ್ಬಿಯೋದ ತೆಳುವಾದ ಜೇಡಿಪದರದಲ್ಲಿ ಇರಿಡಿಯಂ ಎಂಬ ಲೋಹ ಅಕ್ಕಪಕ್ಕದ ಪದರಗಳಿಗಿಂತ ಸುಮಾರು ಮೂವತ್ತು ಪಟ್ಟು ಇರುವುದನ್ನು ತೋರಿಸಿ, ಕ್ಷುದ್ರಗ್ರಹವೊಂದು ಭೂಮಿಗೆ ಅಪ್ಪಳಿಸಿತೆಂದು ವಾದಿಸಿದರು. 1991ರಲ್ಲಿ ಮೆಕ್ಸಿಕೋದ ಚಿಕ್ಷುಲೂಬ್‌ನಲ್ಲಿ ಸುಮಾರು 180 ಕಿಲೋಮೀಟರ್ ಅಗಲದ ಹೂತುಹೋದ ಕುಳಿಯನ್ನು ಗುರುತಿಸಿದಾಗ ಅವರ ಪಕ್ಷ ಬಲಗೊಂಡಿತು. ಎದುರು ಪಕ್ಷದಲ್ಲಿ ಅಮೆರಿಕದ ಡ್ಯೂಯಿ ಮೆಕ್ಲೀನ್, ಫ್ರಾನ್ಸಿನ ವಿನ್ಸೆಂಟ್ ಕೂರ್ಟಿಯೋ, ಅನಂತರ ಗೆರ್ಟಾ ಕೆಲ್ಲರ್ ಮೊದಲಾದವರು ದಖ್ಖನಿನ ಕಡೆ ಬೆರಳು ತೋರಿದರು. ಈ ವಾದ ದಶಕಗಳ ಕಾಲ ನಡೆಯಿತು. ಕೆಲವೊಮ್ಮೆ ವಿದ್ವಾಂಸರಿಗೆ ಶೋಭಿಸದ ಮಾತುಗಳಿಗೂ ಇಳಿಯಿತು.

2019ರಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ದಖ್ಖನಿನ ವಯಸ್ಸನ್ನು ಅಳೆದ ಎರಡು ತಂಡಗಳ ಲೇಖನಗಳು ಪ್ರಕಟವಾದವು. ಒಂದು ತಂಡದ ಪ್ರಕಾರ ಅಳಿವಿಗೆ ತುಸು ಮೊದಲೇ ಲಾವಾದ ದೊಡ್ಡ ಉಬ್ಬರವೊಂದು ಬಂದಿತ್ತು; ಇನ್ನೊಂದರ ಪ್ರಕಾರ ಲಾವಾದ ಮುಕ್ಕಾಲು ಪಾಲು ಉಕ್ಕಿದ್ದು ಅಳಿವಿನ ನಂತರ. 2020ರಲ್ಲಿ ಪಿನ್ಸೆಲಿ ಹಲ್ ಮತ್ತು ಸಂಗಡಿಗರು ಕಡಲತಳದ ಕೆಸರಿನಿಂದ ಹಳೆಯ ಉಷ್ಣತೆಯ ಲೆಕ್ಕ ತೆಗೆದು, ದಖ್ಖನಿನ ಅನಿಲದಿಂದ ಭೂಮಿ ಸುಮಾರು ಎರಡು ಡಿಗ್ರಿ ಕಾದದ್ದು ನಿಜ, ಆದರೆ ಅಳಿವಿಗೆ ಬಹಳ ಮೊದಲೇ ಆ ಕಾವು ಇಳಿದಿತ್ತು ಎಂದರು. ಕಛ್‌ನ ಅಂಜಾರ್ ಬಳಿ ಎರಡು ಲಾವಾ ಪದರಗಳ ನಡುವಿನ ಕೆಸರುಕಲ್ಲಿನಲ್ಲಿ ಡೈನೋಸಾರ್ ಮೂಳೆಗಳೂ ಮೊಟ್ಟೆಯ ಚೂರುಗಳೂ ಸಿಕ್ಕಿವೆ. ಎಂದರೆ, ಮೊದಲ ಲಾವಾ ಹರಿದು ತಣ್ಣಗಾದ ಮೇಲೂ ಅವು ಅಲ್ಲಿ ಬದುಕಿ ಮೊಟ್ಟೆಯಿಡುತ್ತಿದ್ದವು. ದಖ್ಖನಿನ ಶಿಲಾರಸ ಬಹುಮಟ್ಟಿಗೆ ಹಳೆಯ ಗಟ್ಟಿಬಂಡೆಗಳ ಮೂಲಕ ಬಂದದ್ದರಿಂದ ಸೈಬೀರಿಯದಂತಹ ಭಟ್ಟಿಯೂ ಅಲ್ಲಿ ಹೊತ್ತಲಿಲ್ಲ.

ಹೀಗಾಗಿ ಪತ್ರ ಬರೆದ ಶಿಷ್ಯರಿಗೆ ನನ್ನ ಉತ್ತರ: ಪ್ರಾಣಾಂತಿಕ ಪೆಟ್ಟು ಬಿದ್ದದ್ದು ಆಕಾಶದಿಂದ ಎಂಬ ಪಕ್ಷಕ್ಕೇ ಇಂದು ಸಾಕ್ಷ್ಯದ ಬಲ ಹೆಚ್ಚು. ಆ ಪೆಟ್ಟಿಗೆ ಮೊದಲೇ ದಖ್ಖನ್ ಜೀವಕುಲವನ್ನು ಎಷ್ಟು ದುರ್ಬಲಗೊಳಿಸಿತ್ತು, ಚೇತರಿಕೆಯನ್ನು ಎಷ್ಟು ತಡೆಯಿತು ಎಂಬ ಚರ್ಚೆ ಮುಗಿದಿಲ್ಲ. ಆದರೆ ಸೈಬೀರಿಯದ ವಿಷಯದಲ್ಲಿ ಕಾಕತಾಳೀಯವೆನ್ನಲು ಅವಕಾಶ ಬಹಳ ಕಡಿಮೆ. ಕಾಲವೂ ಹೊಂದುತ್ತದೆ, ಕೊಂದ ಬಗೆಯೂ ಹೊಂದುತ್ತದೆ, ಕುರುಹುಗಳೂ ಹೊಂದುತ್ತವೆ.

ಇಷ್ಟು ಹಳೆಯ ಕಥೆ ನಮಗೇಕೆ ಎಂದು ಕೆಲವರು ಕೇಳಬಹುದು. ಇತಿಹಾಸದ ಮೇಷ್ಟರಿಗೆ ಈ ಪ್ರಶ್ನೆ ಹೊಸದೇನಲ್ಲ. ಸೈಬೀರಿಯದಲ್ಲಿ ಶಿಲಾರಸ ಮಾಡಿದ್ದೇನು? ನೆಲದಡಿಯ ಕಲ್ಲಿದ್ದಲನ್ನು ಸುಟ್ಟಿತು, ಸುಣ್ಣಕಲ್ಲನ್ನು ಬೇಯಿಸಿತು. ನಮ್ಮ ವಿದ್ಯುತ್ ಸ್ಥಾವರಗಳೂ ಸಿಮೆಂಟ್ ಕಾರ್ಖಾನೆಗಳೂ ಮಾಡುತ್ತಿರುವುದು ಅದನ್ನೇ. ಕಲ್ಲಿದ್ದಲು, ತೈಲ, ಅನಿಲಗಳಿಂದ ಮನುಷ್ಯರು ವರ್ಷಕ್ಕೆ 3,600 ಕೋಟಿ ಟನ್ನಿಗೂ ಅಧಿಕ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಿದ್ದಾರೆ. ಜಗತ್ತಿನ ಎಲ್ಲ ಜ್ವಾಲಾಮುಖಿಗಳಿಂದ ಬರುವುದು ಇದರ ನೂರರಲ್ಲಿ ಒಂದು ಭಾಗದ ಆಸುಪಾಸು. ಕೈಗಾರಿಕಾ ಕ್ರಾಂತಿಗೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 280ರಷ್ಟಿದ್ದ ಈ ಅನಿಲ ಈಗ 420ನ್ನು ದಾಟಿದೆ. ಸೈಬೀರಿಯ ಹೊರಬಿಟ್ಟ ಒಟ್ಟು ಮೊತ್ತಕ್ಕೆ ಹೋಲಿಸಿದರೆ ನಮ್ಮದು ಇನ್ನೂ ಬಹಳ ಕಡಿಮೆ. ಇದು ಸಮಾಧಾನದ ಸಂಗತಿ. ಆದರೆ ಸೈಬೀರಿಯ ಸಾವಿರಾರು ವರ್ಷಗಳ ಮೇಲೆ ಹರಡಿ ಬಿಟ್ಟದ್ದನ್ನು ನಾವು ತಲೆಮಾರುಗಳ ಲೆಕ್ಕದಲ್ಲಿ ಬಿಡುತ್ತಿದ್ದೇವೆ. ನಮ್ಮ ವೇಗ ಅದಕ್ಕಿಂತ ಹೆಚ್ಚೆಂದೇ ಬಲ್ಲವರ ಅಂದಾಜು. ಕೆರೆ ಒಡೆಯುವುದು ನೀರು ಬರುವ ವೇಗಕ್ಕೆ ಎಂಬುದನ್ನು ಮೇಲೆ ನೋಡಿದೆವಷ್ಟೆ. ಜ್ವಾಲಾಮುಖಿಯನ್ನು ಯಾರೂ ನಿಲ್ಲಿಸಲಾರರು. ಈ ಭಟ್ಟಿಯನ್ನು ಹೊತ್ತಿಸಿದವರು ನಾವೇ ಆದ್ದರಿಂದ ಉರಿ ತಗ್ಗಿಸುವುದೂ ನಮ್ಮ ಕೈಯಲ್ಲಿದೆ.

ಕೊನೆಯದಾಗಿ ಉತ್ತರ ಕರ್ನಾಟಕದ ನನ್ನ ಬಂಧುಗಳಿಗೆ ಒಂದು ಮಾತು. ನಿಮ್ಮ ಹೊಲದ ಎರೆಮಣ್ಣು ಆ ದಖ್ಖನ್ ಲಾವಾ ಸವೆದು ಆದದ್ದು. ಅದು ಸವೆಯುವಾಗ ಪ್ರತಿ ಮಳೆಯಲ್ಲಿಯೂ ಗಾಳಿಯ ಇಂಗಾಲವನ್ನು ಅಷ್ಟಿಷ್ಟು ಹಿಡಿದು ಭೀಮೆ, ಕೃಷ್ಣೆಯರ ಮೂಲಕ ಕಡಲಿಗೆ ಕಳಿಸುತ್ತ ಬಂದಿದೆ. ನಾನು ಹೇಳಿದ ಭೂಮಿಯ ಕೋಡಿಯ ಒಂದು ಭಾಗ ನಿಮ್ಮ ಹೊಲದಲ್ಲೇ ಇದೆ. 6.6 ಕೋಟಿ ವರ್ಷವಾದರೂ ಆ ಕೆಲಸ ಇನ್ನೂ ನಡೆದೇ ಇದೆ. ಹಿಂಗಾರಿಯ ಬಿಳಿಜೋಳ ತೆನೆಗಟ್ಟುವ ಹೊತ್ತಿಗೆ ಹೊಲಕ್ಕೆ ಹೋದಾಗ ಮೊಮ್ಮಕ್ಕಳಿಗೆ ಒಂದು ಹಿಡಿ ಮಣ್ಣು ಕೊಟ್ಟು ಇದನ್ನು ಹೇಳಿರಿ. ಅವರು ಕೇಳುವ ಪ್ರಶ್ನೆಗಳನ್ನು ನನಗೂ ಬರೆದು ತಿಳಿಸಿರಿ.